ಎಚ್‌ಐವಿ ಇರುವವರ ಎಂಡಿಆರ್ ಟಿಬಿ: ಜೊತೆಗಾರರನ್ನು ಕೊಟ್ಟು ನೋಡಿದೆ

"ಇಬ್ಬರು ಕಾಯಿಲೆಯವರನ್ನು ಜೊತೆ ಮಾಡಿದರೆ ಇಬ್ಬರೂ ಮಾತ್ರೆ ಬಿಡ್ತಾರೆ" ಅಂದಿದ್ದರು ನನ್ನ ಜೊತೆ ಕೆಲಸ ಮಾಡುವವರೇ. ಈಗ ಎಚ್‌ಐವಿ ಜೊತೆಗೆ ಎಂಡಿಆರ್ ಟಿಬಿ, ಅಂದರೆ ಮುಖ್ಯ ಔಷಧಗಳಿಗೆ ಬಗ್ಗದ ಟಿಬಿ, ಇದ್ದ ಹದಿಮೂರು ಜನರಲ್ಲಿ ಹನ್ನೊಂದು ಜನ ಕೋರ್ಸ್ ಮುಗಿಸಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬಾಗಲಕೋಟೆ ಕಡೆ ಟಿಬಿ ಕೆಲಸ ಮಾಡಿದವರಿಗೆ ಗೊತ್ತು. ವರ್ಷಗಟ್ಟಲೆ ತಪ್ಪದೆ ಎಆರ್‌ಟಿ (ಎಚ್‌ಐವಿ ಮಾತ್ರೆ) ನುಂಗಿದವರೂ ಎಂಡಿಆರ್ ಅಂದ ಕೂಡಲೇ ಕೈಚೆಲ್ಲುತ್ತಾರೆ. ಮೊದಲು ನಾನೂ ಆಶಾ ಅಕ್ಕನನ್ನು ಮನೆಗೆ ಕಳಿಸುತ್ತಿದ್ದೆ. ವಾರದೊಳಗೆ ಓಣಿಗೆಲ್ಲ ಸುದ್ದಿ. ಒಬ್ಬ ಗೋವಾಕ್ಕೆ ದುಡಿಯಲು ಹೋದವನು ಫೋನೇ ಎತ್ತಲಿಲ್ಲ. ಕಿವಿಗೆ ಪೆಟ್ಟು ಕೊಡುವ ಕನಾಮೈಸಿನ್ ಇಂಜೆಕ್ಷನ್ ಕಾಲದಲ್ಲಿ ಕಿವಿ ಮಂದವಾಗತೊಡಗಿದ ತಾಯಿಯೊಬ್ಬರು "ಸರ್ರ, ಸಾಯೂದ ಇದ್ರ ಮಗನ ಮಾತ ಕೇಳಕೋತ ಸಾಯ್ತೀನ್ರಿ" ಅಂತ ಇಂಜೆಕ್ಷನ್ ಬಿಟ್ಟರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಎಲ್ಲವೂ ಮಾತ್ರೆಯಾಯಿತು. ಆಗ ಶುರು ಮಾಡಿದೆ. ಎಚ್‌ಐವಿ ಇದ್ದು ಟಿಬಿ ಗೆದ್ದವರನ್ನೇ ಜೊತೆಗಾರರನ್ನಾಗಿ ಹಿಡಿದೆ. ಕಫದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಆಗುವವರೆಗೆ ಫೋನಿನಲ್ಲೇ ಮಾತು. ಇದನ್ನು ಸಡಿಲ ಬಿಡಬೇಡಿ, ಜೊತೆಗಾರರಿಗೇ ಅಂಟೀತು. ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್. ಜೊತೆಗಾರರು ಎಆರ್‌ಟಿ ನುಂಗಿದರೆ ಕಾಯಿಲೆಯವರು ಟಿಬಿ ಮಾತ್ರೆ. ನೆಗೆಟಿವ್ ಆದ ಮೇಲೆ ಗುಡಿಯ ಕಟ್ಟೆ ಮೇಲೆ ಭೇಟಿ. 

ಲೈನೆಜೋಲಿಡ್ ಅನ್ನೋ ಟಿಬಿ ಮಾತ್ರೆಯಿಂದ ಕಾಲು ಜೋಮು ಹಿಡಿಯೋದನ್ನು ಜೊತೆಗಾರರೇ ಮೊದಲು ಕಂಡುಹಿಡಿಯುತ್ತಾರೆ. "ಚಪ್ಪಲಿ ಕಳಚಿ ಬಿದ್ದಿದ್ದು ಗೊತ್ತಾಗತೈತೇನು?" ಅಂತ ಕೇಳುತ್ತಾರೆ. ನಮ್ಮ ಫಾರಂನಲ್ಲಿ ಈ ಪ್ರಶ್ನೆ ಇಲ್ಲ. ಹೀಗೆ ಮೂವರಿಗೆ ಡಾಕ್ಟರ್ ಬೇಗ ಡೋಸ್ ನೋಡಿಕೊಂಡರು. ಒಬ್ಬರ ಎಆರ್‌ಟಿ ಕಾರ್ಡಿನಲ್ಲಿ ಎಫಾವಿರೆನ್ಜ್ ಅನ್ನೋ ಮಾತ್ರೆ ಇದ್ದದ್ದನ್ನು ಮಾತ್ರ ನಾನೇ ತಡವಾಗಿ ನೋಡಿದೆ. ಅದು ಬೆಡಾಕ್ವಿಲಿನ್ ಅನ್ನೋ ಟಿಬಿ ಮಾತ್ರೆಯ ಬಲ ಇಳಿಸುತ್ತದೆ ಅಲ್ವಾ? ಡೊಲುಟೆಗ್ರಾವಿರ್ ಅನ್ನೋ ಬೇರೆ ಎಚ್‌ಐವಿ ಮಾತ್ರೆಗೆ ಬದಲಾಯಿಸುವಷ್ಟರಲ್ಲಿ ಮೂರು ವಾರ ಹೋಯಿತು. ಈಗ ಮೊದಲ ದಿನವೇ ಎಆರ್‌ಟಿ, ಟಿಬಿ ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಬೆಡಾಕ್ವಿಲಿನ್ ಊಟದ ಜೊತೆ ಹೋದರೇ ಚೆನ್ನಾಗಿ ಹತ್ತುತ್ತದೆ, ಆದರೆ ವಾಂತಿಯ ಕಾಟ. ಗಂಜಿ ಕೊಟ್ಟು ನೋಡಿದೆ, ನಿಲ್ಲಲಿಲ್ಲ. ಚುರುಮುರಿ ಸ್ವಲ್ಪ ಪರವಾಗಿಲ್ಲ. ಕೊನೆಗೆ ಗೆದ್ದದ್ದು ಕಟಕ ರೊಟ್ಟಿ, ಶೇಂಗಾ ಹಿಂಡಿ.

ದುಡ್ಡಿನ ಮಾತು. ಟಿಬಿ ಇದ್ದವರ ಊಟಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ ಆಗ ತಿಂಗಳಿಗೆ 500, 2024ರ ನವೆಂಬರ್‌ನಿಂದ 1000. ಅದು ಖಾತೆಗೆ ಬರುವಷ್ಟರಲ್ಲಿ ಎಷ್ಟೋ ಸಲ ಎರಡು ಮೂರು ತಿಂಗಳು. ಅಲ್ಲಿವರೆಗೆ ಮೊಟ್ಟೆ, ಜೊತೆಗಾರರ ರೀಚಾರ್ಜ್, ಪೆಟ್ರೋಲ್ ಸೇರಿ ಒಟ್ಟು ಹದಿನಾಲ್ಕು ಸಾವಿರ ನನ್ನ ಕೈಯಿಂದ ಹೋಗಿರಬೇಕು. ಅರ್ಧ ವಾಪಸ್ ಬಂತು.

ಉಳಿದಿಬ್ಬರಲ್ಲಿ ಒಬ್ಬರು ಊರು ಬಿಟ್ಟರು. ಇನ್ನೊಬ್ಬರು ಎರಡನೇ ತಿಂಗಳಲ್ಲೇ ತೀರಿಕೊಂಡರು. ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ನಲವತ್ತರ ಆಸುಪಾಸು, ತೀರಾ ಕಡಿಮೆ ಇತ್ತು. ಕಫ ಬರ್ತಿಲ್ಲ ಅಂತ ಟಿಬಿ ಪತ್ತೆಯ ಸಿಬಿನ್ಯಾಟ್ ಪರೀಕ್ಷೆ ತಡ ಮಾಡಿದ್ದೆವು. ಅವರ ಜೊತೆಗಾರ ಹದಿನೈದು ದಿನ ಎಂಟೂವರೆಗೆ ನನಗೇ ಕಾಲ್ ಮಾಡಿ, ಎದುರಿಗೇ ಮಾತ್ರೆ ನುಂಗುತ್ತಿದ್ದ. ಹದಿನಾರನೇ ದಿನ "ಇನ್ನೊಬ್ಬರು ಇದ್ರ ಹೇಳ್ರಿ" ಅಂದ.