ಉಡುಪಿ–ಮಂಗಳೂರು ಬಸ್ಸಿನಲ್ಲಿ 42 ಲೆಕ್ಕ: ಕ್ವಾಂಟ್ ಫೈನಾನ್ಸ್ ಎಂಎಸ್‌ಸಿ, ನನ್ನ ಅನುಭವ

ಸ್ಟೊಕ್ಯಾಸ್ಟಿಕ್ ಕ್ಯಾಲ್ಕುಲಸ್ (ಅಂದಾಜಿಗೆ ಸಿಗದೆ ಏರಿಳಿಯುವ ದರಗಳ ಗಣಿತ) ಪೇಪರಿನಲ್ಲಿ ನನಗೆ ಮೊದಲ ಸಲ ಬಂದದ್ದು 31. ಪಾಸಾಗಲು 40 ಬೇಕಿತ್ತು. ಎರಡನೇ ಸಲ 76 ಬಂತು. ಈ ನಡುವೆ ಹೊಸ ಪುಸ್ತಕ ತೆಗೆದುಕೊಳ್ಳಲಿಲ್ಲ, ಕೋಚಿಂಗಿಗೂ ಹೋಗಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತೆ. ಇದನ್ನು ಹೇಳಿದರೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಈಗಲೂ ನಗುತ್ತಾರೆ. ನಗಲಿ. ನಕ್ಕವರಲ್ಲಿ ಇಬ್ಬರು ಆ ಪೇಪರನ್ನು ಇನ್ನೂ ಕಟ್ಟುತ್ತಿದ್ದಾರೆ.

ನನ್ನದು ಬಿಕಾಂ. ಆಮೇಲೆ ಸಹಕಾರಿ ಸಂಘವೊಂದರಲ್ಲಿ ಹನ್ನೊಂದು ವರ್ಷ ಲೆಕ್ಕಪತ್ರದ ಕೆಲಸ. ಮನೆ ಉಡುಪಿ, ಆಫೀಸು ಮಂಗಳೂರು. 2022ರಲ್ಲಿ ಕ್ವಾಂಟಿಟೇಟಿವ್ ಫೈನಾನ್ಸ್ ಮತ್ತು ಎಕನಾಮಿಕ್ಸ್ ಎಂಎಸ್‌ಸಿಗೆ ಆನ್‌ಲೈನಿನಲ್ಲಿ ಸೇರಿದೆ. ಫೀಸು ಮೂರೂವರೆ ಲಕ್ಷದ ಆಸುಪಾಸು, ಅದರಲ್ಲಿ ಅರ್ಧದಷ್ಟು ಬಳೆ ಅಡವಿಟ್ಟ ಹಣ. 1906ರಲ್ಲೇ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ಊರು ನಮ್ಮದು. ಹಾಗಾಗಿ ಎಲ್ಲರೂ ಕೇಳಿದ್ದು ಒಂದೇ: "ಬ್ಯಾಂಕ್ ಪರೀಕ್ಷೆಗಾ?" ಹೌದು ಅಂದೆ. ವಿವರಿಸುವುದಕ್ಕಿಂತ ಅದು ಸುಲಭ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. 28 ಸಾವಿರ ಕೊಟ್ಟು ಕೋಚಿಂಗ್ ಸೇರಿದೆ. ಬರೀ ರೆಕಾರ್ಡ್ ಮಾಡಿದ ವಿಡಿಯೋ. ಕ್ವಾಡ್ರಾಟಿಕ್ ವೇರಿಯೇಷನ್ (ಸಣ್ಣ ಸಣ್ಣ ಏರಿಳಿತಗಳ ವರ್ಗಗಳ ಮೊತ್ತ) ಬಂದಾಗ ಸರ್ "ಇದು ಪರೀಕ್ಷೆಗೆ ಬರೋದಿಲ್ಲ" ಎಂದು ಮುಂದೆ ಹೋದರು. 20 ಮಾರ್ಕಿಗೆ ಅದೇ ಬಂತು. ಒಂಬತ್ತು ವರ್ಷದ ಹಳೆ ಪ್ರಶ್ನೆಪತ್ರಿಕೆಗಳನ್ನೂ ಮುಗಿಸಿದ್ದೆ. ಮುಗಿಸಿದ್ದು ಅಂದರೆ ಏನು? ಎರಡು ಸಾಲು ಬರೆಯುವುದು, ಸಿಕ್ಕಿಬಿದ್ದರೆ ಉತ್ತರ ನೋಡಿ "ಹೌದಲ್ವಾ" ಎಂದು ತಲೆಯಾಡಿಸುವುದು. ಪರೀಕ್ಷೆಯ ಹಾಲ್‌ನಲ್ಲಿ ತಲೆಯಾಡಿಸಲು ಉತ್ತರವೇ ಇರಲಿಲ್ಲ.

ಫೇಲಾದ ಮೇಲೆ ಹಳೆ ಮದುವೆ ಕಾಗದಗಳನ್ನು ಕತ್ತರಿಸಿ 42 ರಟ್ಟು ಮಾಡಿದೆ. ಒಂದೊಂದರ ಹಿಂಬದಿಯಲ್ಲಿ ಒಂದು ಲೆಕ್ಕ, ಪ್ರಶ್ನೆ ಮಾತ್ರ. ಬೆಳಗ್ಗೆ ಉಡುಪಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಒಂದು ರಟ್ಟು ನೋಡಿ ಕಿಸೆಗೆ ಹಾಕುವುದು. ಪಡುಬಿದ್ರಿಯವರೆಗೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಸಾಲು ಸಾಲಾಗಿ ಬಿಡಿಸುವುದು. ಎಲ್ಲಿ ನಿಂತಿತೋ ಆ ಸಾಲನ್ನು ಮಾತ್ರ ಪಡುಬಿದ್ರಿಯಿಂದ ಸುರತ್ಕಲ್‌ವರೆಗೆ ಫೋನಿನಲ್ಲಿ ನೋಡಬಹುದು. ಸುರತ್ಕಲ್ ದಾಟಿದರೆ ಫೋನು ಚೀಲದೊಳಗೆ, ಮತ್ತೆ ಮೊದಲಿನಿಂದ. ಕೂಳೂರು ಸೇತುವೆಯಲ್ಲಿ ಬ್ಲಾಕ್ ಆದರೆ ನನಗೆ ಲಾಭ. ರಾತ್ರಿ ಊಟದ ನಂತರ ಖಾಲಿ ಹಾಳೆಯಲ್ಲಿ ಪೂರ್ತಿ ಬರೆಯಲು ಬಂದರೆ ಆ ರಟ್ಟು ಡಬ್ಬಕ್ಕೆ. ಬರದಿದ್ದರೆ ನಾಳೆಯೂ ಅದೇ. ಗಿರ್ಸಾನೋವ್ ಪ್ರಮೇಯದ ರಟ್ಟು ನನ್ನನ್ನು ಒಂಬತ್ತು ದಿನ ಪಡುಬಿದ್ರಿ ದಾಟಲು ಬಿಡಲಿಲ್ಲ.

ಮೊದಲು ಬಸ್ಸಿನಲ್ಲೇ ಬರೆಯಲು ನೋಡಿದ್ದೆ. ಆ ಕುಲುಕಾಟದಲ್ಲಿ ಸಿಗ್ಮಾ ಯಾವುದು, ಡೆಲ್ಟಾ ಯಾವುದು ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಫಜೀತಿ. ಶಟರ್ ಹಾಕಿದರೆ ಕತ್ತಲು, ಹಾಕದಿದ್ದರೆ ತೊಡೆಯ ಮೇಲೆ ನೀರು. ಶಾಯಿಯಲ್ಲಿ ಬರೆದ ಆರೇಳು ರಟ್ಟು ಹಾಗೇ ಹೋದವು. ಪೆನ್ಸಿಲ್ ಬಳಸಿ.

ಮಾವನಿಗೆ ಇದು ಹಿಡಿಸಲಿಲ್ಲ. "ಬಸ್ಸಿನಲ್ಲಿ ಕಣ್ಣು ಮುಚ್ಚಿದ್ರೆ ನಿದ್ರೆ ಬರ್ತದೆ ಮಗಾ, ಲೆಕ್ಕ ಬರುದಿಲ್ಲ" ಅಂದರು. ಕಾರ್ಕಳದ ಹತ್ತಿರ ಅವರಿಗೆ ಸಣ್ಣ ಅಡಿಕೆ ತೋಟ ಉಂಟು. ಆದರೆ ಇಟೋ ಲೆಮ್ಮಾದಲ್ಲಿ (ಏರಿಳಿಯುವ ದರದ ಲೆಕ್ಕದ ಮೂಲ ಸೂತ್ರ) ಬರುವ ಆ ಸಿಗ್ಮಾ ವರ್ಗದ ಅರ್ಧ (ಸಿಗ್ಮಾ ಅಂದರೆ ಏರಿಳಿತದ ಪ್ರಮಾಣ) ನನಗೆ ನಿಜವಾಗಿ ಅರ್ಥವಾದದ್ದು ಅವರ ಚಾವಡಿಯಲ್ಲೇ. "ನೂರು ರೂಪಾಯಿ 10 ಪರ್ಸೆಂಟ್ ಏರಿ, ಮತ್ತೆ 10 ಪರ್ಸೆಂಟ್ ಇಳಿದರೆ ಎಷ್ಟು ಮಾವ?" ಎಂದು ಕೇಳಿದೆ. "ತೊಂಬತ್ತೊಂಬತ್ತು. ಅಡಿಕೆ ಮಾರುವವನಿಗೆ ಅದು ಗೊತ್ತಿರುದಿಲ್ವಾ?" 20 ಆದರೆ? "ತೊಂಬತ್ತಾರು." ಅಲ್ಲೇ ಹೊಳೆಯಿತು. 10 ಪರ್ಸೆಂಟಿನ ವರ್ಗ ಒಂದು ಪರ್ಸೆಂಟ್, ಅದರ ಅರ್ಧ ಅರೆ ಪರ್ಸೆಂಟ್, ಎರಡು ಹೆಜ್ಜೆಗೆ ಒಂದು ರೂಪಾಯಿ. 20ಕ್ಕೆ ಅದೇ ನಾಲ್ಕು ರೂಪಾಯಿ. ಆ ರಾತ್ರಿಯೇ ಪೈಥಾನ್‌ನಲ್ಲಿ ದರ ಸಾಗಬಹುದಾದ 10,000 ಕಾಲ್ಪನಿಕ ದಾರಿ ಓಡಿಸಿದೆ. ಡ್ರಿಫ್ಟ್ (ಸರಾಸರಿ ಏರಿಕೆ) ಸೊನ್ನೆ, ಸಿಗ್ಮಾ 30 ಪರ್ಸೆಂಟ್, ಒಂದು ವರ್ಷ. ಸರಾಸರಿ 100ರಲ್ಲೇ ನಿಂತಿತು. ಮೀಡಿಯನ್, ಅಂದರೆ ಸಾಲಾಗಿ ಇಟ್ಟರೆ ನಡುವೆ ಬರುವುದು, 95 ಚಿಲ್ಲರೆ. ಕೋಚಿಂಗಿನ 28 ಸಾವಿರಕ್ಕೆ ಸಿಗದ್ದು ಒಂದು ಲೋಟ ಚಾಕ್ಕೆ ಸಿಕ್ಕಿತು.

ಯಾವ 42 ಲೆಕ್ಕ ಎಂದು ತುಂಬಾ ಜನ ಕೇಳುತ್ತಾರೆ. ಪಟ್ಟಿ ಕೊಡುವುದಿಲ್ಲ. ಆರಿಸುವುದರಲ್ಲೇ ಅರ್ಧ ಓದು ಆಗುತ್ತದೆ, ನಿಮ್ಮದು ನೀವೇ ಮಾಡಿ. ಒಂದು ಮಾತು ಮಾತ್ರ ಹೇಳುತ್ತೇನೆ: ಬ್ಲ್ಯಾಕ್–ಶೋಲ್ಸ್ (ಆಪ್ಷನ್, ಅಂದರೆ ಮುಂದೆ ನಿಗದಿತ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕು, ಅದಕ್ಕೆ ಬೆಲೆ ಕಟ್ಟುವ ಸೂತ್ರ) ನನ್ನಲ್ಲಿ ಮೂರು ರಟ್ಟು, ಮೂರು ದಾರಿ. ಹೆಡ್ಜ್ ಕಟ್ಟಿ (ಒಂದರ ನಷ್ಟ ಇನ್ನೊಂದರ ಲಾಭಕ್ಕೆ ಸರಿಹೋಗುವಂತೆ) ಒಂದು, ಮಾರ್ಟಿಂಗೇಲ್‌ನಿಂದ (ಸರಾಸರಿಯಲ್ಲಿ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಆಟ) ಒಂದು, ಬೈನಾಮಿಯಲ್ ಮರದ ಹೆಜ್ಜೆ ಸಣ್ಣದು ಮಾಡುತ್ತಾ ಹೋಗಿ ಒಂದು.

ಎರಡನೇ ವರ್ಷದ ಮೊದಲಲ್ಲಿ ತಲೆ ಸ್ವಲ್ಪ ತಿರುಗಿತು. ನಿಫ್ಟಿಯ ವಾರದ ಆಪ್ಷನ್ ಎರಡೂ ಬದಿ ಮಾರುವ ಒಂದು ಉಪಾಯ ಬರೆದೆ. ಬ್ಯಾಕ್‌ಟೆಸ್ಟಿನಲ್ಲಿ, ಅಂದರೆ ಹಳೆ ದರಗಳ ಮೇಲೆ ಓಡಿಸಿ ನೋಡಿದಾಗ, ಹದಿನಾಲ್ಕು ತಿಂಗಳು ಒಂದೇ ಒಂದು ನಷ್ಟದ ತಿಂಗಳಿಲ್ಲ. ಅಷ್ಟು ಚಂದ ಬಂದಾಗಲೇ ಅನುಮಾನ ಬರಬೇಕಿತ್ತು. ಚೀಟಿ ಎತ್ತಿ ಸುಮಾರು ಒಂದು ಲಕ್ಷದ ಎಂಬತ್ತು ಸಾವಿರ ಹಾಕಿದೆ. ಮೂರು ವಾರದಲ್ಲಿ 58 ಸಾವಿರ ಹೋಯಿತು. ಆಮೇಲೆ ಕೋಡ್ ನೋಡಿದರೆ ಆ ದಿನದ ಮುಕ್ತಾಯದ ದರ ನೋಡಿ ಸಿಗ್ನಲ್, ಅದೇ ದರಕ್ಕೆ ಮಾರಾಟ. ಸಿಗ್ನಲನ್ನು ಮರುದಿನಕ್ಕೆ ತಳ್ಳುವ ಒಂದು ಸಾಲು ಶಿಫ್ಟ್ ಬಿಟ್ಟುಹೋಗಿತ್ತು. ಎಫ್ ಆಂಡ್ ಓದಲ್ಲಿ (ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ) ಹತ್ತರಲ್ಲಿ ಒಂಬತ್ತು ಮಂದಿಗೆ ನಷ್ಟ ಎಂದು 2023ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಲೆಕ್ಕ ಕೊಟ್ಟಿತ್ತು. ಅದನ್ನು ಓದಿಯೇ ಹಾಕಿದ್ದೆ. ಹತ್ತನೆಯವಳು ನಾನೇ ಅಂದುಕೊಂಡಿದ್ದೆ. ಮನೆಯವರಿಗೆ ಪೂರ್ತಿ ಮೊತ್ತ ಹೇಳಿದ್ದು ಎಂಟು ತಿಂಗಳ ನಂತರ.

ಡಿಸರ್ಟೇಷನ್‌ಗೆ ಅಡಿಕೆ ಹಿಡಿದೆ. ಬ್ಲ್ಯಾಕ್–ಶೋಲ್ಸ್ ಸೂತ್ರ ಅಚ್ಚಾದದ್ದು, ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದು ಎರಡೂ 1973ರಲ್ಲಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಮುನ್ನುಡಿಯಲ್ಲಿ ಹಾಕಿದೆ. ಪತ್ರಿಕೆಯ ಪೇಟೆ ಧಾರಣೆ ಕಾಲಂನಿಂದ ಆರು ವರ್ಷದ ಚಾಲಿ (ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು) ದರ ಕೈಯಲ್ಲೇ ಎತ್ತಿಕೊಂಡೆ. ಮೊದಲು ಅಡಿಕೆಯನ್ನು ನಿಫ್ಟಿಯ ಮೇಲೆ ರಿಗ್ರೆಸ್ ಮಾಡಿದೆ, ಅಂದರೆ ಅಡಿಕೆ ದರವನ್ನು ನಿಫ್ಟಿಯಿಂದ ವಿವರಿಸಲು ನೋಡಿದೆ. ಆರ್ ಸ್ಕ್ವೇರ್ (ಎಷ್ಟು ಹೊಂದುತ್ತದೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) 0.8ರ ಮೇಲೆ! ಗೈಡ್ ನೋಡಿ, "ನಿಮ್ಮ ವಯಸ್ಸಿನ ಮೇಲೂ ಒಮ್ಮೆ ಹಾಕಿ ನೋಡಿ" ಅಂದರು. ಹಾಕಿದೆ. ಹೆಚ್ಚುಕಡಿಮೆ ಅಷ್ಟೇ ಬಂತು. ಕಾಲದ ಜೊತೆ ಸಾಗುವ ಎರಡು ಸಾಲುಗಳ ನಡುವೆ ಇಲ್ಲದ ಸಂಬಂಧ ಕಾಣುವುದು, ಅರ್ಥಶಾಸ್ತ್ರಜ್ಞರಾದ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಎಚ್ಚರಿಸಿದ ಆ ತಪ್ಪನ್ನು ಐವತ್ತು ವರ್ಷದ ನಂತರ ಹೊಸದಾಗಿ ಮಾಡಿದವಳು ನಾನು.

ದಿನದ ದರಕ್ಕೆ ಗಾರ್ಚ್ (ಏರಿಳಿತದ ಪ್ರಮಾಣ ಕಾಲಕಾಲಕ್ಕೆ ಬದಲಾಗುವುದನ್ನು ಹಿಡಿಯುವ ಮಾಡೆಲ್) ಕೂರುವುದೇ ಇಲ್ಲ. ಎಷ್ಟೋ ದಿನ ದರ ಬದಲಾಗುವುದಿಲ್ಲ, ರಿಟರ್ನ್ ಬರೀ ಸೊನ್ನೆ. ವಾರದ ಸರಾಸರಿಗೆ ಇಳಿದ ಮೇಲೆ, ಮುನ್ನೂರರ ಮೇಲೆ ವಾರ ಇಟ್ಟುಕೊಂಡು, ಹೊಸ ಚಾಲಿ ಮತ್ತು ಹಳೆ ಚಾಲಿ ಕೋಇಂಟಿಗ್ರೇಟೆಡ್ (ಬೇರೆ ಬೇರೆ ಅಲೆದರೂ ನಡುವಿನ ಅಂತರ ಮತ್ತೆ ಸರಿಹೋಗುವ ಜೋಡಿ) ಎಂದು ತೋರಿಸಲು ಆಯಿತು. ಅಂತರ ಹೆಚ್ಚುಕಡಿಮೆಯಾದರೆ ಅದರಲ್ಲಿ ಅರ್ಧ ಸರಿಹೋಗಲು ಸುಮಾರು ಏಳು ವಾರ. ಕಿರಿಕಿರಿ ಏನೆಂದರೆ, ಈ ವರ್ಷದ ಹೊಸದೇ ಮುಂದೆ ಹಳೆಯದು. ಹೆಸರು ಬದಲಾಗುವ ಆ ವಾರಗಳನ್ನು ಹೇಗೆ ಜೋಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರ ಮೇಲೆ ಲೇಖನ ಮಾಡುತ್ತಿದ್ದೇನೆ.

ನಡುವೆ ಬಂಗುಡೆಯ ಮೇಲೂ ಗಾರ್ಚ್ ಹಾಕಲು ಹೋದೆ. ಮಲ್ಪೆಯಲ್ಲಿ ನಾಲ್ಕು ಭಾನುವಾರ ಪುಸ್ತಕ ಹಿಡಿದು ನಿಂತೆ. ಐದನೇ ವಾರ ಮೀನು ಮಾರುವ ಅಕ್ಕ ಕೇಳಿದರು, "ಮೀನು ತೆಗೊಳ್ಳುದುಂಟಾ, ಇಲ್ಲ ಬರೀ ರೇಟ್ ಕೇಳುದಾ?" ಎರಡು ಕೆಜಿ ತೆಗೆದುಕೊಂಡೆ. ಜೂನ್ 1ರಿಂದ 61 ದಿನ ಟ್ರಾಲಿಂಗ್ ನಿಷೇಧ ಶುರುವಾಗಿ ಡೇಟಾದಲ್ಲಿ ದೊಡ್ಡ ತೂತು ಬಿತ್ತು. ಅಲ್ಲಿಗೆ ಬಿಟ್ಟೆ.

ಡಿಸರ್ಟೇಷನ್‌ಗೆ 81 ಬಂತು. ಬ್ಯಾಚಿನಲ್ಲಿ ಅದಕ್ಕಿಂತ ಜಾಸ್ತಿ ಬಂದದ್ದು ಒಬ್ಬರಿಗೆ ಮಾತ್ರ, ಅವರು ಎಂಜಿನಿಯರು.

ಮಾವನ ಅಟ್ಟದಲ್ಲಿ ಆಗ ಐದು ಗೋಣಿ ಹಳೆ ಚಾಲಿ ಇತ್ತು. ಹೊಸದಕ್ಕೂ ಹಳೆಯದಕ್ಕೂ ಅಂತರ ಎಂದಿಗಿಂತ ಕಡಿಮೆಯಾಗಿತ್ತು. "ಕಾಯಿರಿ ಮಾವ, ಅಂತರ ಹೆಚ್ಚಾಗ್ತದೆ" ಅಂದೆ. ಅವರು ಅದೇ ವಾರ ಮೂರು ಗೋಣಿ ಮಾರಿದರು, ನನ್ನ ಮಾತಿಗೆ ಬೆಲೆ ಕೊಟ್ಟು ಎರಡು ಇಟ್ಟರು. ಎರಡು ತಿಂಗಳಲ್ಲಿ ಅಂತರ ಲೆಕ್ಕದ ಹಾಗೇ ಹೆಚ್ಚಾಯಿತು. ಹಳೆಯದು ಏರಿ ಅಲ್ಲ, ಹೊಸದು ಇಳಿದು. ಹಳೆಯದು ಇದ್ದಲ್ಲೇ ಇತ್ತು. ಮಾಡೆಲ್ ಸರಿಯಾಗಿಯೇ ಉಂಟು ಎಂದು ಮಾವನಿಗೆ ಎರಡು ಸಲ ವಿವರಿಸಿದೆ. ಗೋಣಿ ಇನ್ನೂ ಅಟ್ಟದಲ್ಲೇ ಉಂಟು.