ಮೀಟರ್ ಇಲ್ಲದೆ ಪ್ರಿಂಟ್ ಮಾಡುವವರಿಗೆ

ಡಾರ್ಕ್‌ರೂಮಿನಲ್ಲಿ (ಫಿಲ್ಮ್ ಫೋಟೋ ಪ್ರಿಂಟ್ ಮಾಡುವ ಕತ್ತಲ ಕೋಣೆ) ಬೆಳಕು ಅಳೆಯುವ ಮೀಟರ್ ಇರಲೇಬೇಕು ಅಂತೇನಿಲ್ಲ. ಫೋಟೋ ಪೇಪರಿನ ಒಂದು ಪಟ್ಟಿ ಕತ್ತರಿಸಿ, ಚಿತ್ರದ ಮುಖ್ಯ ಬೆಳಕಿನ ಭಾಗ, ಅಂದರೆ ಕೆನ್ನೆಯೋ ಬಿಳಿ ಬಟ್ಟೆಯೋ ಬೀಳುವ ಕಡೆ ಇಡಿ. ರಟ್ಟಿನಿಂದ ಮುಚ್ಚುತ್ತಾ ಹೋಗಿ, ಒಂದೊಂದು ಪಟ್ಟೆಗೆ ಒಟ್ಟು 4, 8, 16, 32 ಸೆಕೆಂಡು ಬೆಳಕು ಸಿಗುವ ಹಾಗೆ. ಸುಮ್ನೆ ಐದೈದು ಸೆಕೆಂಡು ಕೂಡಿಸಿದರೆ ಕೊನೆಯ ಪಟ್ಟೆಗಳಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣ) ಪೂರ್ತಿ ಸಮಯ ಬಿಡಿ. ಕೆಂಪು ದೀಪದಲ್ಲಿ ಪ್ರಿಂಟ್ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಗಾಬರಿಯಾಗಿ ಬೇಗ ಎತ್ತಿದರೆ ಕಪ್ಪು ಬಣ್ಣವೆಲ್ಲ ಮಂಕು! ಫಿಕ್ಸ್ ಆದ ಮೇಲೆ, ಅಂದರೆ ಇನ್ನು ಬೆಳಕಿಗೆ ಕೆಡದ ಹಾಗೆ ಆದ ಮೇಲೆ, ಬಿಳಿ ದೀಪದಲ್ಲಿ ನೋಡಿ. ಬೆಳಕಿನ ಭಾಗ ನೋಡಿ ಸಮಯ ನಿರ್ಧರಿಸಿ, ಆಮೇಲೆ ನೆರಳು ನೋಡಿ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಫಿಲ್ಟರ್ ಬದಲಿಸಿ. ಉಲ್ಟಾ ಮಾಡಿದರೆ ಪೇಪರ್ ದಂಡ. ಫೈಬರ್ ಪೇಪರ್ (ಪ್ಲಾಸ್ಟಿಕ್ ಲೇಪವಿಲ್ಲದ ಫೋಟೋ ಪೇಪರ್) ಒಣಗಿದಾಗ ತುಸು ಕಪ್ಪಾಗುತ್ತದೆ, ಒದ್ದೆ ಇದ್ದಾಗ ಸ್ವಲ್ಪ ಜಾಸ್ತಿ ಬೆಳ್ಳಗಿದ್ದರೇ ಸರಿ.