ಅರ್ಧಕ್ಕೆ ನಿಂತ ಹಳೆಯ ಕಾರು ಕಿಟ್ ಅನ್ನು ಬಿಚ್ಚಿ ಮತ್ತೆ ಕಟ್ಟುವ ಬಗೆ

ಹಿಂದೆ ಯಾರೋ ಉತ್ಸಾಹದಿಂದ ಶುರುಮಾಡಿ, ಚಕ್ರದ ಕಡ್ಡಿಗಳ ಹಂತಕ್ಕೆ ಬಂದಾಗ ಕೈಬಿಟ್ಟು ಅಟ್ಟಕ್ಕೇರಿಸಿದ ವಿಂಟೇಜ್ ಕಾರುಗಳ ಮಾಡೆಲ್ ಕಿಟ್‌ಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ. ಅವುಗಳಲ್ಲಿ ಅತಿ ಕಠಿಣವಾದವು ಇಟಲಿಯ ಪೋಚರ್ ಕಂಪನಿಯ 1:8 ಅಳತೆಯ (ಮೂಲ ಕಾರಿನ ಎಂಟನೇ ಒಂದರಷ್ಟು ಗಾತ್ರದ) ಕಿಟ್‌ಗಳು. ಈ ಬರಹಕ್ಕೆ ಆಲ್ಫಾ ರೋಮಿಯೋ 8ಸಿ 2300 ಮೊಂಜಾ ಕಿಟ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮೂಲ ಕಾರನ್ನು ರೂಪಿಸಿದವರು ವಿಟ್ಟೋರಿಯೋ ಯಾನೊ. 1932ರ ಮೊನಾಕೊ ಗ್ರ್ಯಾನ್ ಪ್ರಿ ರೇಸನ್ನು ಇಟಲಿಯ ಚಾಲಕ ಟಾಜಿಯೊ ನುವೊಲಾರಿ ಗೆದ್ದದ್ದು ಇದೇ ಮಾದರಿಯ ಕಾರಿನಲ್ಲಿ. ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2.65 ಮೀಟರ್, ಅಂದರೆ ಮಾದರಿಯಲ್ಲಿ ಸುಮಾರು 331 ಮಿಲಿಮೀಟರ್. ಈ ಅಂಕಿಯನ್ನು ಕೆಲಸದ ಮೇಜಿನ ಮುಂದೆ ಬರೆದು ಅಂಟಿಸಿಕೊಳ್ಳಿ. ಇಂಥ ಕಿಟ್‌ನಲ್ಲಿ ಬಾನೆಟ್ ಮುಚ್ಚದಿರುವುದು, ಬಾಗಿಲು ಕೂಡದಿರುವುದು, ಒಂದು ಚಕ್ರ ನೆಲ ಮುಟ್ಟದಿರುವುದು ಬೇರೆ ಬೇರೆ ದೋಷಗಳಂತೆ ಕಂಡರೂ ಬಹುಪಾಲು ಅವೆಲ್ಲ ಚಾಸಿಯ, ಅಂದರೆ ಕಾರಿನ ತಳದ ಚೌಕಟ್ಟಿನ, ಸೊಟ್ಟತನದಿಂದಲೇ ಹುಟ್ಟಿದವು. ಚಾಸಿ ನೇರವಾಗುವವರೆಗೆ ಬಣ್ಣದ ಬಾಟಲಿ ತೆರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಕೆಲಸ ಬಿಚ್ಚುವುದು. ಸ್ಕ್ರೂ ಹಾಕಿದ ಕೂಡುಗಳು ಸುಲಭ. ಪ್ರತಿ ಜಾಗದ ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹೆಸರು ಬರೆಯಿರಿ, ಏಕೆಂದರೆ ಉದ್ದದಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸವಿರುವ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಆಚೆ ಬರುತ್ತದೆ. ಅಂಟು ಹಾಕಿದ ಕೂಡುಗಳಿದ್ದರೆ ಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಹಳೆಯ ಟ್ಯೂಬ್ ಅಂಟು ಥಂಡಿಗೆ ಪೆಡಸಾಗಿ, ಮರುದಿನ ಬೆರಳಿನಿಂದ ಮೆಲ್ಲನೆ ಒತ್ತಿದರೆ ಟಕ್ಕೆಂದು ಬಿಟ್ಟುಕೊಳ್ಳುವುದುಂಟು. ಪ್ಲಾಸ್ಟಿಕ್ಕೇ ಕರಗಿ ಒಂದಾಗಿದ್ದಲ್ಲಿ ಈ ಉಪಾಯ ನಡೆಯದು. ಅಲ್ಲಿ ತೆಳು ಗರಗಸವೇ ಗತಿ. ಅಂಥ ಗರಗಸ, ಸಣ್ಣ ಅರಗಳು, ಕೈಯಿಂದ ತಿರುಗಿಸುವ ಪಿನ್ ವೈಸ್, ಅರ್ಧ ಮಿಲಿಮೀಟರಿನ ಡ್ರಿಲ್ ಬಿಟ್ ಇವೆಲ್ಲ ಬೆಳಗಾವಿಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಹಾಬಿ ಅಂಗಡಿ ಹುಡುಕಿಕೊಂಡು ದೊಡ್ಡ ಊರಿಗೆ ಹೋಗಬೇಕಾಗಿಲ್ಲ.

ಹಳೆಯ ಬಣ್ಣ ತೆಗೆಯಲು ಡೆಟಾಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ನೀರು ಬೆರೆಸದೆ ಭಾಗಗಳನ್ನು ಮುಳುಗಿಸಿ ಒಂದು ದಿನ ಬಿಟ್ಟು, ಹಲ್ಲುಜ್ಜುವ ಹಳೆಯ ಬ್ರಶ್‌ನಿಂದ ಉಜ್ಜಿ. ಬಹಳ ಜನ ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ಡೆಟಾಲ್‌ನಲ್ಲಿ ಮೆತ್ತಗಾದ ಬಣ್ಣಕ್ಕೆ ನೀರು ತಾಕಿದೊಡನೆ ಅದು ಬೂದು ಬಣ್ಣದ ಜಿಗುಟು ಅಂಟಾಗಿ ಸಂದಿಗೊಂದಿಗಳಲ್ಲಿ ಕೂತುಬಿಡುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ಆದ್ದರಿಂದ ಬಣ್ಣವೆಲ್ಲ ಹೋಗುವವರೆಗೆ ಡೆಟಾಲ್‌ನಲ್ಲೇ ಉಜ್ಜಿ, ಬಳಿಕ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ತೆಗೆದು, ಕೊನೆಗೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಕಾಂತಿ ಕಳೆದುಕೊಂಡ ಕ್ರೋಮ್ ಲೇಪ ತೆಗೆಯಬೇಕಿದ್ದರೆ ಬಟ್ಟೆಗೆ ಹಾಕುವ ದ್ರವ ಬ್ಲೀಚ್ ಸಾಕು. ಆ ಲೇಪ ಅಲ್ಯೂಮಿನಿಯಮ್ಮಿನ ತೀರ ತೆಳುವಾದ ಪದರವಾದ್ದರಿಂದ ಬೇಗ ಕರಗುತ್ತದೆ. ಬ್ಲೀಚನ್ನು ಡೆಟಾಲ್, ಆಲ್ಕೋಹಾಲ್ ಅಥವಾ ಆ್ಯಸಿಡ್ ಇದ್ದ ಪಾತ್ರೆಗೆ ಎಂದೂ ಹಾಕಬೇಡಿ, ಮತ್ತು ಈ ಕೆಲಸಗಳನ್ನೆಲ್ಲ ಕಿಟಕಿ ತೆರೆದಿಟ್ಟೇ ಮಾಡಿ. ಕ್ರೋಮ್ ಚೆನ್ನಾಗಿದ್ದರೆ ಹಾಗೆಯೇ ಉಳಿಸಿಕೊಳ್ಳಿ. ಆದರೆ ಅಂಟು ತಾಗಬೇಕಾದ ಜಾಗದಲ್ಲಿ ಮಾತ್ರ ಚಾಕುವಿನ ತುದಿಯಿಂದ ಕೆರೆದು ಪ್ಲಾಸ್ಟಿಕ್ ಕಾಣುವಂತೆ ಮಾಡಿ, ಕ್ರೋಮ್ ಮೇಲೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ.

ಈಗ ಚಾಸಿ. ಕಿಟಕಿಗೆ ಹಾಕುವ ದಪ್ಪ ಗಾಜಿನ ತುಂಡೊಂದನ್ನು ಮೇಜಿನ ಮೇಲೆ ಹಾಸಿ, ಎರಡೂ ಉದ್ದ ಪಟ್ಟಿಗಳನ್ನು ಬಿಡಿಬಿಡಿಯಾಗಿ ಅದರ ಮೇಲಿಟ್ಟು, ಅಡಿಯಿಂದ ಬೆಳಕು ಎಲ್ಲಿ ತೂರುತ್ತದೆ ಎಂದು ನೋಡಿ. ಪಟ್ಟಿಗಳಿಗೆ ಸಹಜವಾಗಿಯೇ ಬಾಗು ಇರುತ್ತದೆ, ಆದ್ದರಿಂದ ನೋಡಬೇಕಾದದ್ದು ಎಡ ಬಲ ಎರಡೂ ಒಂದೇ ಜಾಗದಲ್ಲಿ ಒಂದೇ ಪ್ರಮಾಣದಲ್ಲಿ ಬಾಗಿವೆಯೇ ಎಂಬುದನ್ನು. ತಿರುಚಿದ ಪಟ್ಟಿಯನ್ನು 65ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟು, ಕೈಯಲ್ಲಿ ತುಸು ಹೆಚ್ಚೇ ತಿದ್ದಿ, ಗಾಜಿನ ಮೇಲೆ ಒತ್ತಿ ಹಿಡಿದು, ಮೇಲಿಂದ ತಣ್ಣೀರು ಸುರಿಯಿರಿ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಗೆ ಪೂರ್ತಿ ಮೆತ್ತಗಾಗುವುದರಿಂದ ಕುದಿಯುವ ನೀರು ಬೇಡ. ಒಂದೇ ಸಲಕ್ಕೆ ಸರಿಮಾಡುವ ಆತುರವೂ ಬೇಡ. ಅಡ್ಡಪಟ್ಟಿಗಳನ್ನು ಅಂಟಿಲ್ಲದೆ ಕೂಡಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮ ಬಂದು, ಅಚ್ಚುಗಳ ಅಂತರ ಎರಡೂ ಬದಿಯಲ್ಲಿ 331ರ ಆಸುಪಾಸಿನಲ್ಲಿದ್ದರೆ ಮಾತ್ರ ಸ್ಕ್ರೂ ಬಿಗಿಮಾಡಿ. ಹಿಂದಿನವರು ಬಲವಾಗಿ ತಿರುಗಿಸಿ ಸ್ಕ್ರೂ ತೂತುಗಳನ್ನು ಸಡಿಲ ಮಾಡಿಟ್ಟಿರುತ್ತಾರೆ. ಆ ತೂತಿಗೆ ಅದೇ ಕಿಟ್‌ನ ಉಳಿಕೆ ಪ್ಲಾಸ್ಟಿಕ್ ಕಡ್ಡಿಯ ಚೂರನ್ನು ಪ್ಲಾಸ್ಟಿಕ್ ಕರಗಿಸುವ ದ್ರವ ಅಂಟಿನಲ್ಲಿ ಅದ್ದಿ ತುಂಬಿ, ಒಂದೆರಡು ದಿನ ಒಣಗಿಸಿ, ಹೊಸದಾಗಿ ಸಣ್ಣ ತೂತು ಕೊರೆಯಿರಿ. ಎಂ-ಸೀಲ್ ತುಂಬುವುದಕ್ಕಿಂತ ಇದೇ ಮೇಲು. ಅಕ್ಕಪಕ್ಕದ ಪ್ಲಾಸ್ಟಿಕ್ಕಿನೊಂದಿಗೆ ಇದು ಒಂದಾಗಿ ಬೆಸೆದುಕೊಳ್ಳುತ್ತದೆ.

ಚಾಸಿಯಷ್ಟೇ ತಾಳ್ಮೆ ಬೇಡುವುದು ಚಕ್ರ. ಕಡ್ಡಿಗಳನ್ನು ಒಂದೊಂದಾಗಿ ಹಬ್‌ನಿಂದ ರಿಮ್‌ಗೆ ಪೋಣಿಸಬೇಕು. ಬರಿಗೈಯಲ್ಲಿ ಹಿಡಿದು ಪೋಣಿಸಿದರೆ ಹಬ್ ನಡುವೆ ನಿಲ್ಲುವುದಿಲ್ಲ. ಪ್ಲೈವುಡ್ ತುಂಡಿನ ಮೇಲೆ ರಿಮ್ಮಿನ ವೃತ್ತ ಗೀಚಿ, ಮಧ್ಯದಲ್ಲಿ ಹಬ್‌ಗೆ ಸರಿಹೊಂದುವ ಗೂಟ ನೆಟ್ಟು, ರಿಮ್ಮನ್ನು ಸುತ್ತ ಸಣ್ಣ ಮೊಳೆಗಳ ನಡುವೆ ಕೂಡಿಸಿ. ಗೂಟ ನಿಖರವಾಗಿರಬೇಕೆಂದರೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಯಾವುದಾದರೂ ಲೇತ್ ಕೆಲಸದವರಿಗೆ ಹಿತ್ತಾಳೆಯಲ್ಲಿ ತಿರುಗಿಸಿಕೊಡಲು ಕೇಳಿ. ಫೌಂಡ್ರಿಗಳಿಗೂ ಹೈಡ್ರಾಲಿಕ್ ಕಾರ್ಖಾನೆಗಳಿಗೂ ಕೆಲಸ ಮಾಡಿಕೊಡುವ ಕೈಗಳಿಗೆ ಇದು ದೊಡ್ಡದಲ್ಲ. ಮೊದಲು ಎದುರುಬದುರು ನಾಲ್ಕು ಕಡ್ಡಿ ಹಾಕಿ ಹಬ್ಬನ್ನು ನಿಲ್ಲಿಸಿ, ಆಮೇಲೆ ಒಳಸಾಲು, ಕೊನೆಗೆ ಹೊರಸಾಲು. ಪ್ರತಿ ಕಡ್ಡಿಯ ನಂತರ ಅದರ ಎದುರಿನದನ್ನೇ ಹಾಕಬೇಕು, ಪಕ್ಕದ್ದನ್ನಲ್ಲ. ಒಂದೇ ಕಡೆಯಿಂದ ತುಂಬುತ್ತ ಹೋದರೆ ರಿಮ್ ಮೊಟ್ಟೆಯಾಕಾರಕ್ಕೆ ಎಳೆಯಲ್ಪಡುತ್ತದೆ. ಮುಗಿದ ಮೇಲೆ ಚಕ್ರವನ್ನು ಅಚ್ಚಿನ ಮೇಲೆ ತಿರುಗಿಸಿ, ರಿಮ್ಮಿನ ಹತ್ತಿರ ಪೆನ್ಸಿಲ್ ಮೊನೆಯನ್ನು ಅಲುಗದಂತೆ ಹಿಡಿದರೆ ಎಲ್ಲಿ ಓಲುತ್ತಿದೆ ಎಂಬುದು ಗೆರೆಯಾಗಿ ಮೂಡುತ್ತದೆ. ತುಕ್ಕು ಹಿಡಿದ ಅಥವಾ ಕಳೆದುಹೋದ ಕಡ್ಡಿಗಳಿಗೆ ಬದಲಾಗಿ ಗಿಟಾರಿನ 0.43 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಒಳ್ಳೆಯದು. ಅದರ ಸುರುಳಿಯ ಬಾಗನ್ನು ಎರಡು ಇಕ್ಕಳದ ನಡುವೆ ಬಿಗಿಯಾಗಿ ಎಳೆದು ತೆಗೆಯಬೇಕು, ಮತ್ತು ಪ್ಲಾಸ್ಟಿಕ್ ಕತ್ತರಿಸುವ ಕಟರ್ ಅದಕ್ಕೆ ತಾಗಿಸಬಾರದು. ತಂತಿವಾದ್ಯಗಳಿಗೆ ಹೆಸರಾದ ಮೀರಜ್ ಬೆಳಗಾವಿಯಿಂದ ರೈಲಿನಲ್ಲಿ ಹತ್ತಿರವೇ ಇರುವುದು ಈ ಭಾಗದ ನಮ್ಮಂಥವರಿಗೆ ಒಂದು ಅನುಕೂಲ.

ಎಂಜಿನ್ ಬಗ್ಗೆ ಒಂದೇ ಮಾತು. ನಿಜವಾದ ಕಾರಿನ 2336 ಸಿಸಿಯ ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರ ಎರಡು ಬ್ಲಾಕ್‌ಗಳಾಗಿದ್ದು, ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ಗಿಯರ್‌ಗಳು ಅವುಗಳ ನಡುವೆ ಕೂತಿವೆ. ಆ ನಡುವಿನ ಸಂದನ್ನು ಪುಟ್ಟಿ ಹಾಕಿ ಮುಚ್ಚಬೇಡಿ. ಎಂಜಿನ್ನಿಗೆ ಹೊಳೆಯುವ ಬೆಳ್ಳಿ ಬಣ್ಣಕ್ಕಿಂತ ಮಂಕು ಅಲ್ಯೂಮಿನಿಯಂ ಬಣ್ಣವೇ ಒಪ್ಪುತ್ತದೆ.

ಮೈಬಣ್ಣ ಹಚ್ಚುವ ಮೊದಲು ಬಾನೆಟ್, ರೇಡಿಯೇಟರ್ ಕವಚ, ಹಿಂಭಾಗ ಇವನ್ನೆಲ್ಲ ಚಾಸಿಯ ಮೇಲೆ ಟೇಪಿನಿಂದ ಕೂಡಿಸಿ ನೋಡಿ, ಬಣ್ಣದ ದಪ್ಪಕ್ಕೆಂದು ಕಾಗದ ತೂರುವಷ್ಟು ಸಂದು ಬಿಡಿ. ಒರಟಾದ 400ರ ನಂಬರಿನಿಂದ ಶುರುಮಾಡಿ ನಯವಾದ 1000ದವರೆಗೆ ಸ್ಯಾಂಡ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ. ಕೆಂಪು ಬಣ್ಣ ಬೂದು ಪ್ರೈಮರ್ ಮೇಲೆ ಕಂದುತ್ತದೆ. ಬಿಳಿ ಅಥವಾ ನಸುಗುಲಾಬಿ ಪದರದ ಮೇಲೆ ಹಚ್ಚಿದರೆ ತುಂಬಿ ಬರುತ್ತದೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಬಣ್ಣ ಸಿಂಪಡಿಸಬಾರದು, ಏಕೆಂದರೆ ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಮಳೆಗಾಲವನ್ನು ಚಕ್ರಗಳಿಗೂ ಎಂಜಿನ್ನಿಗೂ ಇಟ್ಟುಕೊಂಡು, ನವೆಂಬರ್ ಬಿಸಿಲು ಬಂದ ಮೇಲೆ ಏರ್‌ಬ್ರಶ್ ಹಿಡಿಯಿರಿ. ವಿಜಯಪುರದ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತೊಂದರೆ ಇದಕ್ಕೆ ತಿರುಗಾಮುರುಗಾ: ಹನಿಗಳು ಭಾಗವನ್ನು ಮುಟ್ಟುವ ಮೊದಲೇ ಒಣಗಿ ಮೈ ಒರಟಾಗುತ್ತದೆ, ಆದ್ದರಿಂದ ಅಲ್ಲಿ ಬೆಳಗಿನ ಹೊತ್ತು ಕೆಲಸ ಮಾಡಿ, ತಿನ್ನರ್‌ಗೆ ಬಣ್ಣ ಆರುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಸೇರಿಸಿಕೊಳ್ಳಬೇಕು. ಹಳದಿಯಾದ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ, ಅಂಕಿಗಳ) ಹಾಳೆಯನ್ನು ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ ಕೆಲವು ವಾರ ಬಿಸಿಲಿಗೆ ಬಿಟ್ಟರೆ ಬಹುಮಟ್ಟಿಗೆ ಬೆಳ್ಳಗಾಗುತ್ತದೆ. ನೀರಿಗೆ ಹಾಕುವ ಮೊದಲು ಅದರ ಮೇಲೆ ತೆಳುವಾಗಿ ಕ್ಲಿಯರ್ ಲ್ಯಾಕರ್ ಸಿಂಪಡಿಸಿದರೆ ಚೂರಾಗುವುದಿಲ್ಲ.

ಗಾಜಿನ ಭಾಗಗಳಿಗೆ ಫೆವಿಕ್ವಿಕ್ ಬೇಡ, ಅದರ ಆವಿ ಬಿಳಿ ಮಂಜಿನಂತೆ ಕೂರುತ್ತದೆ. ಫೆವಿಕಾಲ್ ಒಣಗಿದರೆ ಪಾರದರ್ಶಕವಾಗುತ್ತದೆ, ಹಿಡಿತವೂ ಸಾಕಷ್ಟಿದೆ. ಮುಗಿದ ಮಾದರಿಯನ್ನು ಟೈರುಗಳ ಮೇಲೆ ಭಾರ ಬೀಳದಂತೆ ಅಚ್ಚುಗಳ ಅಡಿ ಸಣ್ಣ ಮರದ ಆಸರೆ ಕೊಟ್ಟು, ಪಶ್ಚಿಮದ ಬಿಸಿಲು ಬೀಳದ ಗೋಡೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಿ. ಮೊದಲ ಬೇಸಿಗೆ ಕಳೆದ ಮೇಲೆ ಚಾಸಿಯ ಕರ್ಣಗಳನ್ನು ಇನ್ನೊಮ್ಮೆ ಅಳೆದು, ಸಡಿಲಾದ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಬಿಗಿಮಾಡಿ.